ಕೆರೆಯ ಗೋಡನ್ನು ಎಣಿಸಿದ ಬಗೆ

ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, “ಸೈನ್ಸ್ ಮೇಷ್ಟ್ರು ಮಕ್ಕಳನ್ನ ಕೆರೆಗೆ ಕರ್ಕೊಂಡು ಹೋದ್ರೆ ಏನೋ ಪಾಠ ಅನ್ಕೋಬಹುದು ಸಾರ್, ಕನ್ನಡ ಮೇಷ್ಟ್ರಿಗೆ ಕೆಸರಲ್ಲಿ ಏನು ಕೆಲಸ?” ಎಂದು ಕೇಳಿದರು. ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಮಗ ವಾರದಲ್ಲಿ ಎರಡು ದಿನ ಅಂಗಿಗೆಲ್ಲ ಕಪ್ಪು ಮಣ್ಣು ಮೆತ್ತಿಕೊಂಡು ಮನೆಗೆ ಬಂದರೆ ಒಗೆಯುವವರು ಕಾರಣ ಕೇಳಬೇಕಾದದ್ದೇ. ಅಂದು ಹೊತ್ತಾಗಿದ್ದುದರಿಂದ ನಾಲ್ಕು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆವು. ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳೋಣವೆಂದಿದ್ದೇವೆ.

ನಮ್ಮ ಶಾಲೆಯ ವಿಜ್ಞಾನದ ಗುರುಗಳು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಓದಿ ಬಂದವರು. ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಬರೆಯುವಾಗ ಮಾತ್ರ ಪದಕ್ಕೆ ತಡವರಿಸುತ್ತಾರೆ. ನಾವೋ, ಏಳನೆಯ ತರಗತಿಯವರೆಗೆ ಕನ್ನಡದಲ್ಲಿಯೂ ಆಮೇಲೆ ಇಂಗ್ಲಿಷಿನಲ್ಲಿಯೂ ಓದಿದವರು. ಹೀಗಾಗಿ ಅವರಿಗೆ ಯಾವುದಾದರೂ ಪದ ಬೇಕಾದಾಗ ನಮ್ಮ ಕೊಠಡಿಯ ಬಾಗಿಲಿಗೆ ಬರುವುದು ವಾಡಿಕೆ. ಕಳೆದ ಬೇಸಗೆಗೆ ಮುಂಚೆ ಒಂದು ದಿನ ಬಂದು, “ಕೆರೆಯ ತಳದಲ್ಲಿ ಕೂತ ಮಣ್ಣಿಗೆ ಕನ್ನಡದಲ್ಲಿ ಏನನ್ನುತ್ತೀರಿ?” ಎಂದರು. ಹೂಳು ಎಂದೆವು. ತರಗತಿಯಲ್ಲಿ ಅದನ್ನೇ ಕೇಳಿದಾಗ ಮಕ್ಕಳು ನಮಗಿಂತ ಹೆಚ್ಚು ಹೇಳಿದರು. ಹೊಲಕ್ಕೆ ಹೊಡೆಯುವುದು ಗೋಡು. ನೀರು ಹೊತ್ತು ತಂದು ಹರಡಿದ್ದು ಮೆಕ್ಕಲು. ಗೋಡೆಗೆ ಮೆತ್ತುವುದು ಜೇಡಿ. ಎಮ್ಮೆ ಹೊರಳಿ ಕಲಸಿದ್ದು ಕೆಸರು. ಒಂದೇ ಮಣ್ಣಿಗೆ ಅದು ಮಾಡುವ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಹೆಸರು.

ಗಡಿಯಲ್ಲಿರುವವರಿಗೆ ಇನ್ನೊಂದು ಮೋಜು ಉಂಟು. ತಮಿಳಿನಲ್ಲಿ ಏರಿ ಎಂದರೆ ಕೆರೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ಹೊಸೂರಿನ ನಡುವೆ ಇರುವುದು ಅವರಿಗೆ ರಾಮನಾಯಕ್ಕನ್ ಏರಿ, ನಮಗೆ ರಾಮನಾಯಕನ ಕೆರೆ. “ಏರಿ ಮೇಲೆ ನಡೆದು ಬಂದೆ” ಎಂದು ನಮ್ಮ ಹುಡುಗ ಹೇಳಿದರೆ ಹೊರಗಿನಿಂದ ಬಂದವರು ನೀರಿನ ಮೇಲೆ ನಡೆದನೇನೋ ಎಂದುಕೊಂಡಾರು!

ಅದಿರಲಿ. ಗುರುಗಳು ಆ ಪ್ರಶ್ನೆ ಕೇಳಿದುದಕ್ಕೆ ಕಾರಣವಿತ್ತು. ಹೊಸೂರಿನಿಂದ ತಳಿಯ ಕಡೆಗೆ ಹೋಗುವ ದಾರಿಯಿಂದ ಒಳಗೆ, ನಮ್ಮ ಅನೇಕ ವಿದ್ಯಾರ್ಥಿಗಳ ಊರಿನ ಕೆರೆಯ ಹೂಳೆತ್ತುವುದೆಂದು ತೀರ್ಮಾನವಾಗಿತ್ತು. ಊರಿನ ಹೆಸರು ಇಲ್ಲಿ ಬೇಡ. ಇಂಥ ಕೆರೆಗಳು ಈ ಸೀಮೆಯಲ್ಲಿ ನೂರಾರು. ಹೂಳೆತ್ತುವುದು ಒಳ್ಳೆಯ ಕೆಲಸವೇ. ಕೆರೆ ಇರುವುದು ನೀರು ನಿಲ್ಲಿಸುವುದಕ್ಕೆ. 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟಿಗೇ ಹೂಳು ತುಂಬಿ ನೀರು ಹಿಡಿಯುವ ಶಕ್ತಿ ಕುಗ್ಗಿದೆ ಎಂದಮೇಲೆ ಹಳ್ಳಿಯ ಕೆರೆಯ ಪಾಡೇನು? ನಾವು ಚಿಕ್ಕವರಾಗಿದ್ದಾಗ ಶಿವರಾತ್ರಿ ಕಳೆದು ನೀರು ಬತ್ತಿದೊಡನೆ ನಮ್ಮ ತಂದೆಯವರು ಗಾಡಿ ಕಟ್ಟಿ ಗೋಡು ಹೊಡೆಯುತ್ತಿದ್ದರು. ಎತ್ತಿನ ಗಾಡಿಯಲ್ಲಿ ಹೋಗುವ ಗೋಡು ಎಷ್ಟಾದೀತು? ಈಗ ಜೆಸಿಬಿ ಒಂದು ದಿನದಲ್ಲಿ ಎತ್ತುವುದನ್ನು ಆಗ ಇಡೀ ಊರು ಒಂದು ಬೇಸಗೆಯಲ್ಲಿ ಎತ್ತುತ್ತಿರಲಿಲ್ಲ. ಜೆಸಿಬಿ ಇಳಿದರೆ ತಳದವರೆಗೂ ಹೋಗುತ್ತದೆ. ಗುರುಗಳಿಗಿದ್ದ ಯೋಚನೆ ಅದೇ. ಆ ತಳದಲ್ಲಿ ಏನಿತ್ತೆಂದು ಎತ್ತಿದ ಮೇಲೆ ತಿಳಿಯುವ ದಾರಿಯೇ ಇಲ್ಲ.

ಕೆರೆಗೆ ಪ್ರತಿ ಮಳೆಗಾಲವೂ ನೀರಿನ ಸಂಗಡ ಮಣ್ಣು, ಎಲೆ, ಹೂವಿನ ಪರಾಗ, ಹೊಲದ ಕೂಳೆ ಸುಟ್ಟ ಇದ್ದಿಲಿನ ಚೂರು, ಎಲ್ಲವೂ ಬಂದು ಸೇರುತ್ತವೆ. ನೀರಿನೊಳಗೆ ಹುಟ್ಟಿ ಸತ್ತ ಸೂಕ್ಷ್ಮ ಜೀವಿಗಳೂ ತಳಕ್ಕೆ ಇಳಿಯುತ್ತವೆ. ಇವುಗಳಲ್ಲಿ ಮುಖ್ಯವಾದವು ಡಯಾಟಮ್‍ಗಳು. ಒಂದೇ ಜೀವಕೋಶದ ಪಾಚಿಗಳಿವು. ಗಾತ್ರ ಮಿಲಿಮೀಟರಿನ ಸಾವಿರದಲ್ಲೆರಡು ಪಾಲಿನಿಂದ ಹತ್ತರಲ್ಲೆರಡು ಪಾಲಿನವರೆಗೆ. ಇವು ನೀರಿನಲ್ಲಿ ಕರಗಿರುವ ಸಿಲಿಕವನ್ನು ಹೀರಿಕೊಂಡು ತಮಗೆ ತಾವೇ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುತ್ತವೆ. ಮುಚ್ಚಳವಿರುವ ಕುಂಕುಮದ ಭರಣಿಯಂತೆ ಎರಡು ಭಾಗ, ಒಂದರೊಳಗೊಂದು ಕೂಡುವ ಹಾಗೆ. ಜೀವಿ ಸತ್ತರೂ ಚಿಪ್ಪು ಬಹುಕಾಲ ಉಳಿಯುತ್ತದೆ. ಹೀಗೆ ಉಳಿದ ಚಿಪ್ಪುಗಳ ಮಣ್ಣಿನಲ್ಲಿಯೇ ನೈಟ್ರೊಗ್ಲಿಸರಿನ್ ಹೀರಿಸಿ ಆಲ್‍ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್ ಮಾಡಿದ್ದು. ನಮ್ಮ ಕೃಷ್ಣಗಿರಿ ಕಡೆಯ ಕಲ್ಲು ಕ್ವಾರಿಗಳ ಸದ್ದು ಕೇಳಿ ಬೆಳೆದ ಮಕ್ಕಳಿಗೆ ಈ ಸಂಗತಿ ಬಹಳ ಹಿಡಿಸಿತು.

ಡಯಾಟಮ್‍ಗಳ ಗುಣವೊಂದುಂಟು. ಒಂದೊಂದು ಜಾತಿಗೆ ಒಂದೊಂದು ಬಗೆಯ ನೀರು ಬೇಕು. ಕೆಲವು ತಿಳಿನೀರಿನಲ್ಲಿ ಮಾತ್ರ ಬಾಳುತ್ತವೆ, ಕೆಲವು ಹುಳಿನೀರಿನಲ್ಲಿ. ನಿಟ್‍ಶಿಯಾ ಪೇಲಿಯಾ ಎಂಬಂಥವು ಚರಂಡಿ ನೀರಿನಲ್ಲಿಯೂ ಹಾಯಾಗಿರುತ್ತವೆ. ಆದ್ದರಿಂದ ಹೂಳಿನ ಯಾವ ಪದರದಲ್ಲಿ ಯಾವ ಚಿಪ್ಪು ಎಷ್ಟಿದೆಯೆಂದು ಎಣಿಸಿದರೆ ಆ ಕಾಲದ ನೀರು ಹೇಗಿತ್ತೆಂದು ಊಹಿಸಬಹುದು. ತೇದಿಯಿಲ್ಲದ ಶಾಸನ ಸಿಕ್ಕಿದರೆ ವಿದ್ವಾಂಸರು ಅಕ್ಷರದ ತಲೆಕಟ್ಟು, ಬಳ್ಳಿ, ಗುಂಡಗಿನ ರೀತಿ ನೋಡಿ ಇದು ಇಂಥ ಶತಮಾನದ ಕನ್ನಡವೆಂದು ಹೇಳುತ್ತಾರಲ್ಲ, ಅದೇ ಜಾತಿಯ ವಿದ್ಯೆ ಇದು. ನಮಗೆ ಈ ಕೆಲಸ ರುಚಿಸಿದ್ದು ಅಲ್ಲಿಂದಲೇ.

ಇದರಿಂದ ಜಗಳ ತೀರಿದ್ದೂ ಉಂಟು. ಸ್ಕಾಟ್ಲೆಂಡಿನ ಗ್ಯಾಲೊವೇ ಸೀಮೆಯ ಬೆಟ್ಟದ ಸರೋವರಗಳಲ್ಲಿ ಮೀನುಗಳು ಸಾಯುತ್ತಿದ್ದವು, ನೀರು ಹುಳಿಯಾಗಿತ್ತು. ಕಾರ್ಖಾನೆಗಳ ಹೊಗೆಯಿಂದ ಆಮ್ಲಮಳೆ ಬಿದ್ದದ್ದು ಕಾರಣವೆಂದರು ಕೆಲವರು. ಅಲ್ಲ, ನೆಲವೇ ಹಾಗೆ, ಮರ ನೆಟ್ಟದ್ದರಿಂದ ಹೀಗಾಯಿತು ಎಂದರು ಇನ್ನು ಕೆಲವರು. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಿಕ್ ಬ್ಯಾಟರ್‌ಬಿ ಮತ್ತು ಅವರ ಸಂಗಡಿಗರು ಸರೋವರದ ತಳದ ಹೂಳನ್ನು ಕೊಳವೆಯಲ್ಲಿ ತೆಗೆದು ಡಯಾಟಮ್ ಎಣಿಸಿದರು. ನೀರು ಹುಳಿಯಾಗತೊಡಗಿದ್ದು 19ನೆಯ ಶತಮಾನದ ನಡುವಿನಿಂದೀಚೆಗೆ, ಕಾರ್ಖಾನೆಗಳು ಬೆಳೆದ ಕಾಲದಲ್ಲಿ; ಮರ ನೆಡುವುದಕ್ಕೆ ಎಷ್ಟೋ ಮೊದಲೇ. ವಾದಕ್ಕೆ ಅಲ್ಲಿಂದ ಮುಂದೆ ಬಲ ಉಳಿಯಲಿಲ್ಲ.

ನಮ್ಮ ಕಡೆಯಲ್ಲಿಯೂ ಇಂಥ ಕೆಲಸ ಮಾಡಿದವರಿದ್ದಾರೆ. ಎಚ್. ಪಿ. ಗಾಂಧಿ ಎಂಬ ವಿಜ್ಞಾನಿ 1950ರ ದಶಕದಲ್ಲಿ ಜೋಗ, ಸಾಗರ, ಹಿರೇಭಾಸ್ಕರ, ಧಾರವಾಡಗಳ ನೀರಿನಿಂದ ಡಯಾಟಮ್ ಸಂಗ್ರಹಿಸಿ, ಒಂದೊಂದರ ಚಿತ್ರ ಬರೆದು ಪ್ರಕಟಿಸಿದರು. ಹಿರೇಭಾಸ್ಕರದ ಅಣೆಕಟ್ಟು ಈಗ ಲಿಂಗನಮಕ್ಕಿಯ ನೀರಿನೊಳಗಿದೆ. ಪುದುಚೇರಿಯಲ್ಲಿ 1955ರಲ್ಲಿ ಸ್ಥಾಪಿತವಾದ ಫ್ರೆಂಚ್ ಸಂಸ್ಥೆಯವರು ಕಾರವಾರದಾಚೆ ಸಮುದ್ರತಳದ ಹೂಳಿನಲ್ಲಿ ಪರಾಗ ಎಣಿಸಿ, ಸುಮಾರು 3500 ವರ್ಷಗಳಿಂದೀಚೆಗೆ ಪಶ್ಚಿಮ ಕರಾವಳಿಯ ಹವೆ ಮೊದಲಿಗಿಂತ ಒಣಗಿತೆಂದು 1994ರಲ್ಲಿ ಬರೆದರು. ಪರಾಗ ಎಣಿಸುವ ವಿದ್ಯೆಯನ್ನು ಲೋಕಕ್ಕೆ ತೋರಿಸಿದವರು ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್, 1916ರಲ್ಲಿ. ಭಾರತದಲ್ಲಿ ಇದಕ್ಕೆ ದೊಡ್ಡ ಮನೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ.

ಈಗ ನಮ್ಮ ಕೆರೆಗೆ ಬರೋಣ. ಮೊದಲ ತೊಡಕು, ಎಲ್ಲಿ ಅಗೆಯುವುದು? ಚಳಿದೇಶದ ಆಳವಾದ ಸರೋವರಗಳಲ್ಲಿ ವರ್ಷಕ್ಕೊಂದು ಪದರದಂತೆ ಹೂಳು ಅಲುಗಾಡದೆ ಕೂತಿರುತ್ತದಂತೆ. ನಮ್ಮ ಕೆರೆ ಹಾಗಲ್ಲ. ಬೇಸಗೆಗೆ ಒಣಗಿ ಬಿರಿಯುತ್ತದೆ, ಎಮ್ಮೆ ಇಳಿಯುತ್ತದೆ, ರೈತ ಗೋಡು ಒಯ್ಯುತ್ತಾನೆ. ಪುಸ್ತಕದ ಹಾಳೆ ಹರಿದು, ಕಲಸಿ, ಮತ್ತೆ ಹೊಲಿದಂತೆ. ವಿಜ್ಞಾನದ ಗುರುಗಳು ಚಿಂತೆಯಲ್ಲಿದ್ದಾಗ ನೆರವಿಗೆ ಬಂದವರು ಊರಿನ ಒಬ್ಬ ತಾತ. ಎಂಬತ್ತು ದಾಟಿದವರು. ಏರಿಯ ಮೇಲೆ ಕೂತು ನಮ್ಮ ಹುಡುಗರ ಓಡಾಟ ನೋಡುತ್ತಿದ್ದವರು ಕರೆದು ಹೇಳಿದರು: “ಮೇಷ್ಟ್ರೇ, ಅಲ್ಲಿ ಯಾಕೆ ಒದ್ದಾಡ್ತೀರಿ? ಅದೆಲ್ಲ ನಮ್ಮಪ್ಪನ ಕಾಲದಿಂದ ಗೋಡು ತೆಗೆದ ಜಾಗ. ತೂಬಿನ ಮುಂದೆ ನೋಡಿ. ತೂಬು ಕುಸಿದೀತು ಅಂತ ಅಲ್ಲಿ ಯಾರೂ ಗುದ್ದಲಿ ಹಾಕ್ತಿರ್ಲಿಲ್ಲ.” ಆಮೇಲೆ ತಮ್ಮಷ್ಟಕ್ಕೇ ಎಂಬಂತೆ ಇನ್ನೊಂದು ಮಾತು: “ಈ ನೀರನ್ನ ನಾವು ಕುಡಿದಿದ್ದೀವಿ.”

ಹುಡುಗರು ನಕ್ಕರು. ನಗದೆ ಏನು ಮಾಡಿಯಾರು? ಅವರು ಕಣ್ಣು ಬಿಟ್ಟಂದಿನಿಂದ ಆ ಕೆರೆ ಹಸಿರು, ಅಂಚಿನಲ್ಲಿ ನೊರೆ. ಮೇಲಿನ ಹೊಸ ಬಡಾವಣೆಗಳ ಚರಂಡಿ ಅಲ್ಲಿಗೇ ಇಳಿಯುತ್ತದೆ. ದೊಡ್ಡ ನೀರಿನ ಕಥೆಯೂ ಅಷ್ಟೆ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಸೇರಿ, ಅದು ಕೊಡಿಯಾಳದ ಬಳಿ ನಮ್ಮ ಜಿಲ್ಲೆಗೆ ಕಾಲಿಟ್ಟು ಕೆಲವರಪಳ್ಳಿ ಅಣೆಗೆ ಬರುತ್ತದೆ. ಈಚಿನ ವರ್ಷಗಳಲ್ಲಿ ಅಣೆಯಿಂದ ನೀರು ಬಿಟ್ಟಾಗ ಎದ್ದ ನೊರೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವೆಲ್ಲ ನೋಡಿದ್ದೀರಿ. ಆ ಕಾಲುವೆಯ ನೀರಿನಲ್ಲಿಯೇ ತರಕಾರಿ ಬೆಳೆಯುವ ತಂದೆತಾಯಿಗಳು ಈ ಸಂಚಿಕೆಯ ಓದುಗರಲ್ಲಿದ್ದಾರೆ. ಅವರ ಮಕ್ಕಳಿಗೆ ‘ಕೆರೆ ನೀರು ಕುಡಿದೆವು’ ಎಂಬ ಮಾತು ಅಜ್ಜಿಕಥೆಯಂತೆ ಕೇಳಿದರೆ ಆಶ್ಚರ್ಯವಿಲ್ಲ. ನಮಗೆ ಮಾತ್ರ ಆ ನಗೆ ಕೇಳಿ ಸಂಕಟವಾಯಿತು. ತಾತನ ಮಾತಿಗೆ ಸಾಕ್ಷಿ ಆ ಹೂಳಿನಲ್ಲಿಯೇ ಇದ್ದರೆ ಇರಬೇಕು, ಅದೂ ಮುಂದಿನ ವಾರ ಟ್ರ್ಯಾಕ್ಟರ್ ಹತ್ತುವುದಿತ್ತು.

ಕೆಲಸ ಸುರುವಾಗುವ ದಿನ ತೂಬಿನ ಹತ್ತಿರವೇ ಯಂತ್ರ ನಿಂತಿತ್ತು. ಓಡಿಸುವವರು ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಂದೆ. ಗಂಟೆಯ ಲೆಕ್ಕದ ಬಾಡಿಗೆ, ನಿಂತರೆ ನಷ್ಟ. ಹುಡುಗ ಹೋಗಿ, “ಅಪ್ಪಾ, ಒಂದರ್ಧ ಗಂಟೆ ಆ ಕಡೆ ತೋಡು, ಇಲ್ಲಿ ನಾವು ಪೈಪು ಇಳಿಸ್ಬೇಕು” ಎಂದ. ಅವರು ಮಗನ ಮುಖ ನೋಡಿದರು, ನಮ್ಮ ಮುಖ ನೋಡಿದರು. “ಮಣ್ಣಲ್ಲಿ ಏನು ಸಿಗ್ತದೆ ಸಾರ್, ಚಿನ್ನಾನಾ?” ಎಂದು ನಗುತ್ತ ಯಂತ್ರವನ್ನು ಆಚೆ ತಿರುಗಿಸಿದರು. ಅರ್ಧ ಗಂಟೆಗೆ ಒಪ್ಪಿದವರು ಒಂದೂವರೆ ಗಂಟೆ ಕೊಟ್ಟರು. ಕಡೆಗೆ ತಾವೇ ಇಳಿದು ಬಂದು ಸುತ್ತಿಗೆ ಹಿಡಿದರು.

ಮೂರು ಅಂಗುಲದ ಪಿವಿಸಿ ಪೈಪು. ಮೇಲೆ ಮರದ ಹಲಗೆ ಇಟ್ಟು ಹೊಡೆದು ಇಳಿಸಿ, ಬಾಯಿಗೆ ಚಿಂದಿ ಗಿಡಿದು ಗಾಳಿಯಾಡದಂತೆ ಮಾಡಿ, ಸುತ್ತ ಬಿಡಿಸಿ ಮೆಲ್ಲನೆ ಎಳೆದರೆ ಒಳಗೆ 88 ಸೆಂಟಿಮೀಟರ್ ಹೂಳು ನಿಂತಿತ್ತು. ಶಾಲೆಗೆ ತಂದು ಗರಗಸದಿಂದ ಪೈಪನ್ನು ಉದ್ದಕ್ಕೆ ಸೀಳಿದೆವು. ಮೇಲ್ಗಡೆ ಕಪ್ಪು, ದುರ್ವಾಸನೆ. ಕೆಳಗೆ ಬರುಬರುತ್ತ ಬೂದು. ತಳದಲ್ಲಿ ಕೆಂಪು ಮರಳು. ಹುಡುಗಿಯರು ಬಣ್ಣದ ಪೆನ್ಸಿಲ್ಲಿನಲ್ಲಿ ಅದರ ಚಿತ್ರ ಬರೆದರು. ನಾಲ್ಕು ನಾಲ್ಕು ಸೆಂಟಿಮೀಟರಿಗೆ ಒಂದರಂತೆ 22 ಸ್ಲೈಡುಗಳಾದುವು.

ಸ್ಲೈಡು ಮಾಡುವುದು ನೋಡಲು ಸುಲಭ. ಮಾಡಲು ಕೈ ಪಳಗಬೇಕು. 75 ಮಿಲಿಮೀಟರ್ ಉದ್ದ, 25 ಅಗಲದ ಗಾಜಿನ ಪಟ್ಟಿ. ಅದರ ಮೇಲೆ ಒಂದು ಹನಿ ಶುದ್ಧ ನೀರು. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಹೂಳು. ಅದನ್ನು ನೀರಿನಲ್ಲಿ ತೇಯ್ದು ಹಣೆಗೆ ವಿಭೂತಿ ಬಳಿದಷ್ಟು ತೆಳ್ಳಗೆ ಹರಡಬೇಕು. ಬಿಸಿಲಿಗೆ ಒಣಗಿಸಿ, ಒಂದು ತೊಟ್ಟು ಕೆನಡಾ ಬಾಲ್ಸಮ್ ಬಿಟ್ಟು, ತೆಳು ಗಾಜನ್ನು ಓರೆಯಾಗಿ ಇಳಿಸಿ ಗುಳ್ಳೆ ಬಾರದಂತೆ ಮುಚ್ಚಬೇಕು. ಹೂಳು ಹೆಚ್ಚಾಯಿತೋ, ಕತ್ತಲೆ. ಕಡಿಮೆಯಾಯಿತೋ, ಎಣಿಸಲು ಏನೂ ಇಲ್ಲ. ಡಯಾಟಮ್‍ನ ಚಿಪ್ಪು ತಾನೂ ಗಾಜಿನಂಥದೇ ಆದುದರಿಂದ ಈ ಅಂಟಿನಲ್ಲಿ ಮಂಕಾಗಿ ಕಾಣುತ್ತದೆ. ಪರಿಣತರು ಬೆಳಕನ್ನು ಇನ್ನೂ ಹೆಚ್ಚು ಬಾಗಿಸುವ ಬೇರೆ ಅಂಟುಗಳನ್ನು ಬಳಸುತ್ತಾರೆ. ನಮ್ಮಲ್ಲಿ ಇದ್ದದ್ದು ಇದು.

ಸೂಕ್ಷ್ಮದರ್ಶಕವೂ ಒಂದೇ. 400 ಪಟ್ಟು ಹಿಗ್ಗಿಸುತ್ತದೆ. ಅದರಲ್ಲಿ ಇಣುಕಿದ ಮೊದಲ ಹುಡುಗಿ, “ಸಾರ್, ಇದರಲ್ಲಿ ದೋಣಿ ಇದೆ!” ಎಂದು ಕೂಗಿದಳು. ದೋಣಿಯಲ್ಲ, ಡಯಾಟಮ್. ಆದರೆ ನಮ್ಮ ಪಟ್ಟಿಯಲ್ಲಿ ಅದರ ಹೆಸರು ದೋಣಿಯೆಂದೇ ಉಳಿಯಿತು. ಜಾತಿಯ ಹೆಸರು ನಿಖರವಾಗಿ ಹೇಳಬೇಕಾದರೆ 1000 ಪಟ್ಟು ಹಿಗ್ಗಿಸುವ ಮಸೂರ ಬೇಕು. ಅದಿಲ್ಲದ ನಾವು ಆಕಾರದಿಂದ ಹೆಸರಿಟ್ಟೆವು. ದೋಣಿ, ಸೂಜಿ, ಬಿಲ್ಲು, ಬಿಲ್ಲೆ, ಎಸ್ ಅಕ್ಷರ. ಮಕ್ಕಳು ತಾವೇ ಇಟ್ಟ ಹೆಸರು ಮರೆಯುವುದಿಲ್ಲ. ಲ್ಯಾಟಿನ್ ಹೆಸರು ಮುಂದೆ ಕಾಲೇಜಿನಲ್ಲಿ ಕಲಿಯುತ್ತಾರೆ, ಆಗ ದೋಣಿ ನೆನಪಿಗೆ ಬಂದರೆ ಸಾಕು. ‘ಕನ್ನಡದಲ್ಲಿ ಓದಿದರೆ ಸೈನ್ಸಿಗೆ ಕಷ್ಟ’ ಎಂದು ನಮ್ಮ ಪೋಷಕರಲ್ಲಿ ಹಲವರು ಹೇಳುವುದನ್ನು ಕೇಳಿದ್ದೇವೆ. ಅವರು ಒಂದು ದಿನ ಬಂದು ಆ ಸೂಕ್ಷ್ಮದರ್ಶಕದ ಸುತ್ತ ನಡೆಯುವ ವಾದವನ್ನು ಕೇಳಬೇಕು.

ಒಂದು ಉಪಾಯವನ್ನು ಇಲ್ಲಿ ಬರೆಯದಿದ್ದರೆ ವಿಜ್ಞಾನದ ಗುರುಗಳಿಗೆ ಅನ್ಯಾಯವಾದೀತು. ಮರಳಿನ ಚೂರು ಯಾವುದು, ಡಯಾಟಮ್ ಚೂರು ಯಾವುದು ಎಂದು ಬೇರೆ ಮಾಡುವುದು ಕಷ್ಟ, ಎರಡೂ ಪಾರದರ್ಶಕ. ಗುರುಗಳು ಕೆಟ್ಟುಹೋದ ಎರಡು ಕ್ಯಾಲ್ಕ್ಯುಲೇಟರುಗಳ ಮುಖದಿಂದ ಪೋಲರಾಯಿಡ್ ಹಾಳೆ ಕಿತ್ತರು. ಒಂದನ್ನು ಸ್ಲೈಡಿನ ಕೆಳಗೂ ಇನ್ನೊಂದನ್ನು ಕಣ್ಣಿನ ಮಸೂರದ ಮೇಲೂ ಇಟ್ಟು, ನೋಟ ಕತ್ತಲಾಗುವವರೆಗೆ ತಿರುಗಿಸಿದರು. ಕತ್ತಲೆಯಲ್ಲಿ ಮರಳಿನ ಸ್ಫಟಿಕಗಳು ಮಾತ್ರ ದೀಪಾವಳಿಯಂತೆ ಬೆಳಗಿದವು. ಹರಳುಗಟ್ಟದ ಸಿಲಿಕದ ಡಯಾಟಮ್‍ಗಳು ಕಾಣದೆ ಹೋದವು. ಹಾಳೆ ತೆಗೆದರೆ ಮತ್ತೆ ಹಾಜರು. ಆ ದಿನ ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಇನ್ನು ಎಣಿಕೆ. ನೋಡುವುದು ಬೇರೆ, ಎಣಿಸುವುದು ಬೇರೆ. ‘ತುಂಬ ಇದೆ’, ‘ಸ್ವಲ್ಪ ಇದೆ’ ಎಂದರೆ ವಿಜ್ಞಾನ ಒಪ್ಪುವುದಿಲ್ಲ. ಕಣ್ಣಂದಾಜು ಎಷ್ಟು ನಂಬತಕ್ಕದ್ದೆಂದು ತಿಳಿಯಲು ಬಿಳಿಯ ಹಾಳೆಯ ಮೇಲೆ ರಾಗಿ ಚೆಲ್ಲಿ, ಹಾಳೆಯ ನೂರು ಪಾಲಿನಲ್ಲಿ ರಾಗಿ ಎಷ್ಟು ಪಾಲು ಮುಚ್ಚಿದೆ ಎಂದು ಕೇಳಿದೆವು. ಹೆಚ್ಚಿನವರು ಮೂವತ್ತು ಎಂದರು. ಹಾಳೆಯಲ್ಲಿ ಮೊದಲೇ ಸಮದೂರದಲ್ಲಿ ನೂರು ಚುಕ್ಕೆ ಇಟ್ಟಿದ್ದೆವು. ರಾಗಿಯ ಅಡಿಗೆ ಬಿದ್ದ ಚುಕ್ಕೆ ಎಣಿಸಿದರೆ ಹನ್ನೆರಡೇ! ಚೆಲ್ಲಾಪಿಲ್ಲಿಯಾಗಿರುವುದು ಕಣ್ಣಿಗೆ ಹೆಚ್ಚಾಗಿ ತೋರುತ್ತದೆ. ಹಾಗಾಗಿ ಸ್ಲೈಡನ್ನು ಕನ್ನಡ ಪುಟ ಓದುವಂತೆ ಎಡದಿಂದ ಬಲಕ್ಕೆ, ಸಾಲು ಮುಗಿದ ಮೇಲೆ ಮುಂದಿನ ಸಾಲಿಗೆ ಸರಿಸುತ್ತ, ಎದುರಾದ ಒಂದೊಂದು ಕಣವನ್ನೂ ಬಿಡದೆ ಗೀಟು ಹಾಕಿ ಎಣಿಸುವುದೆಂದಾಯಿತು. ನಮಗೆ ಇಷ್ಟವಾದದ್ದನ್ನು ಎಣಿಸಿ ಬೇಡವಾದದ್ದನ್ನು ಹಾರಿಸುವಂತಿಲ್ಲ.

ಎಷ್ಟು ಎಣಿಸಿದರೆ ಸಾಕು? ನೂರು ಕಣ ಎಣಿಸಿ ಅದರಲ್ಲಿ ದೋಣಿ ಹತ್ತು ಬಂತೆನ್ನಿ. ಆಕಸ್ಮಿಕದ ಏರುಪೇರಿನಿಂದ ನಿಜವಾದ ಪಾಲು ನೂರಕ್ಕೆ 4ರಿಂದ 16ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮುನ್ನೂರು ಎಣಿಸಿದಾಗಲೂ ಅದೇ ಪಾಲು ಬಂದರೆ ಆ ಹರವು ಸುಮಾರು 7ರಿಂದ 13ಕ್ಕೆ ಇಳಿಯುತ್ತದೆ. ನಮ್ಮ ಗಣಿತದ ಮೇಡಂ ಇದನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದ ಮೇಲೆ, ‘ಮುನ್ನೂರು ಯಾಕೆ ಸಾರ್’ ಎಂಬ ಗೊಣಗಾಟ ನಿಂತಿತು.

ಇಷ್ಟಾದರೂ ಸಿಕ್ಕಿದ್ದು ನೂರಕ್ಕಿಷ್ಟು ಎಂಬ ಪಾಲು ಮಾತ್ರ. ಒಂದು ಚಮಚ ಹೂಳಿನಲ್ಲಿ ಒಟ್ಟು ಎಷ್ಟು ಡಯಾಟಮ್ ಇವೆ ಎಂದು ತಿಳಿಯುವುದು ಹೇಗೆ? ಇದಕ್ಕೊಂದು ಚಮತ್ಕಾರದ ದಾರಿಯಿದೆ. ಮನೆಯಲ್ಲಿ ನೀವೂ ಮಾಡಿ ನೋಡಬಹುದು. ಒಂದು ಪಾವು ರಾಗಿ ತೆಗೆದುಕೊಳ್ಳಿ. ನಮ್ಮ ತರಗತಿಯಲ್ಲಿ 40 ಮಕ್ಕಳು. ತಲೆಗೆ 25ರಂತೆ ಸಾಸಿವೆ ಎಣಿಸಿಕೊಟ್ಟರೆ 1000 ಸಾಸಿವೆ. ರಾಗಿಯಲ್ಲಿ ಅದನ್ನು ಹಾಕಿ ಚೆನ್ನಾಗಿ ಕಲಸಿ, ಒಂದು ಚಿಟಿಕೆ ತೆಗೆದು ಎಣಿಸಿ. ಚಿಟಿಕೆಯಲ್ಲಿ ಸಾಸಿವೆ 10, ರಾಗಿ 640 ಬಂದವೆಂದುಕೊಳ್ಳಿ. ಒಂದು ಸಾಸಿವೆಗೆ 64 ರಾಗಿ. ಸಾಸಿವೆ ಒಟ್ಟು ಸಾವಿರವಿದ್ದುದರಿಂದ ರಾಗಿ 64,000. ಪಾವನ್ನೆಲ್ಲ ಎಣಿಸುವ ಕೆಲಸವಿಲ್ಲ! ಡೆನ್ಮಾರ್ಕಿನ ಸ್ಟಾಕ್‍ಮಾರ್ ಎಂಬವರು 1971ರಲ್ಲಿ ಇದೇ ಲೆಕ್ಕಕ್ಕಾಗಿ ಮಾತ್ರೆಗಳನ್ನು ಮಾಡಿದರು. ಲೈಕೋಪೋಡಿಯಮ್ ಎಂಬ ಗಿಡದ ಬೀಜಕಗಳನ್ನು ತಿಳಿದ ಸಂಖ್ಯೆಯಲ್ಲಿ, ಹತ್ತು ಹನ್ನೆರಡು ಸಾವಿರದಷ್ಟು, ಒಂದೊಂದು ಮಾತ್ರೆಯಲ್ಲಿ ಅಡಗಿಸಿದರು. ಅಳೆದ ಹೂಳಿಗೆ ಒಂದು ಮಾತ್ರೆ ಹಾಕಿ ಕರಗಿಸಿದರೆ ಅದೇ ನಮ್ಮ ಸಾಸಿವೆ. ನಮ್ಮ ಶಾಲೆಗೆ ಆ ಮಾತ್ರೆ ಬಂದಿಲ್ಲ. ಆದ್ದರಿಂದ ನಮ್ಮದು ಪಾಲಿನ ಲೆಕ್ಕ ಮಾತ್ರ, ಒಟ್ಟು ಲೆಕ್ಕವಲ್ಲ. ಇದನ್ನು ಮಕ್ಕಳೇ ವರದಿಯ ಮೊದಲ ಸಾಲಿನಲ್ಲಿ ಬರೆದಿದ್ದಾರೆ.

22 ಸ್ಲೈಡನ್ನೂ ಹಾಗೆ ಎಣಿಸಲು ವರ್ಷ ಸಾಲದು. 2, 8, 14, 20 ಎಂಬ ನಾಲ್ಕನ್ನು ಆರಿಸಿ, ಒಂದೊಂದನ್ನೂ ಇಬ್ಬಿಬ್ಬರು ಒಬ್ಬರಿಗೊಬ್ಬರು ತೋರಿಸದೆ ಎಣಿಸಿದರು. 20ರಲ್ಲಿ ಮರಳೇ ಹೆಚ್ಚು, ಡಯಾಟಮ್ ಬಲು ವಿರಳ. 14ರಲ್ಲಿಯೂ 8ರಲ್ಲಿಯೂ ಹಲವು ಆಕಾರಗಳು ಕಲೆತಿದ್ದವು. ಯಾವೊಂದೂ ಅರ್ಧಕ್ಕೆ ಮೀರಲಿಲ್ಲ. 2ಕ್ಕೆ ಬಂದರೆ ಬಹುಪಾಲು ಒಂದೇ ಆಕಾರ, ಸಪೂರವಾದ ಸಣ್ಣ ದೋಣಿ. ಬಿಲ್ಲು, ಬಿಲ್ಲೆಗಳು ಹುಡುಕಿದರೆ ಸಿಗುವಷ್ಟು. ಎಣಿಸಿದ ಇಬ್ಬರದೂ ಒಂದೇ ಮಾತು.

ಇದರಿಂದ ತಾತ ಹೇಳಿದ್ದು ರುಜುವಾತಾಯಿತೇ ಎಂದು ಮಕ್ಕಳು ಕೇಳಿದರು. ನೀರು ಬದಲಾಯಿತೆಂಬುದು ಕಾಣುತ್ತದೆ ಎಂದರು ಗುರುಗಳು. ಯಾವ ವರ್ಷದಲ್ಲಿ ಎಂದು ಈ ಗಾಜು ಹೇಳುವುದಿಲ್ಲ. ಅದಕ್ಕೆ ಬೇರೆ ಯಂತ್ರಗಳು ಬೇಕು. 22 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುವ ಸೀಸ-210ನ್ನು ಅಳೆಯಬೇಕು. ಅಣುಬಾಂಬಿನ ಪರೀಕ್ಷೆಗಳಿಂದ ಗಾಳಿಯಲ್ಲಿ ಹರಡಿದ ಸೀಸಿಯಮ್-137 ಲೋಕದ ಅನೇಕ ಕಡೆ 1963ರ ಸುಮಾರಿನ ಪದರದಲ್ಲಿ ಅತಿ ಹೆಚ್ಚಾಗಿರುತ್ತದೆ, ಅದನ್ನು ಹುಡುಕಬೇಕು. ಕುಡಿಯಲು ಯೋಗ್ಯವಾಗಿತ್ತೇ ಎಂಬುದನ್ನಂತೂ ಡಯಾಟಮ್ ಹೇಳಲಾರದು. ನಮಗೆ ಈ ಎಚ್ಚರದ ಉತ್ತರ ಇಷ್ಟವಾಯಿತು. ಮಕ್ಕಳಿಗೆ ಅಷ್ಟಾಗಿ ಆಗಲಿಲ್ಲ. ಆದರೂ ನಕ್ಕಿದ್ದ ಹುಡುಗರಲ್ಲಿ ಇಬ್ಬರು ಸಂಜೆ ಏರಿಯ ಮೇಲೆ ತಾತನ ಬಳಿ ಹೋಗಿ ಕೂತು, ಬಿಂದಿಗೆ ಎಲ್ಲಿ ಮುಳುಗಿಸುತ್ತಿದ್ದಿರಿ, ಯಾವ ತಿಂಗಳವರೆಗೆ ನೀರು ತಿಳಿಯಾಗಿರುತ್ತಿತ್ತು, ಯಾವ ಮೀನಿತ್ತು ಎಂದೆಲ್ಲ ಕೇಳಿ ನೋಟು ಪುಸ್ತಕದಲ್ಲಿ ಬರೆದುಕೊಂಡು ಬಂದರು. ನಾವು ಹೇಳಿ ಕಳಿಸಿದ್ದಲ್ಲ. ಆರು ಪುಟ. ಕಾಗುಣಿತ ತಿದ್ದುವಾಗ ನಮಗೇ ಗೊತ್ತಿಲ್ಲದ ನಾಲ್ಕಾರು ಪದ ಸಿಕ್ಕವು.

ಕೆರೆಯ ತಳವೆಲ್ಲ ಈಗ ಹೊಲಗಳಲ್ಲಿದೆ. ಅಲುಗದೆ ಉಳಿದದ್ದು ನಮ್ಮ ಪೈಪಿನ ಅರ್ಧ ಸೀಳು. ಪ್ಲಾಸ್ಟಿಕ್ ಸುತ್ತಿ, ಮೇಲೆ ಕೆಳಗೆ ಎಂದು ಬರೆದು, ಪ್ರಯೋಗಾಲಯದ ಬೀರುವಿನ ಹಿಂದೆ ನಿಲ್ಲಿಸಿದ್ದೇವೆ. ಸ್ವಚ್ಛತೆ ಮಾಡುವವರು ದಯವಿಟ್ಟು ಹೊರಗೆಸೆಯಬಾರದು. ಮುಂದೆ ಯಾರಾದರೂ ಸೀಸವನ್ನೋ ಸೀಸಿಯಮ್ಮನ್ನೋ ಅಳೆಯುವವರು ಬಂದರೆ ಬೇಕಾದೀತು. ನಮ್ಮ ಮಕ್ಕಳಲ್ಲಿಯೇ ಒಬ್ಬರು ಬಂದಾರು.

ಒಂದು ಜಗಳ ಮಾತ್ರ ಇನ್ನೂ ತೀರಿಲ್ಲ. 14ನೆಯ ಸ್ಲೈಡಿನಲ್ಲಿ ಮೂರು ಮೂಲೆಯ ಪರಾಗವೊಂದು ಸಿಕ್ಕಿದೆ. ನೀಲಗಿರಿ ಮರದ್ದಾದರೆ, ಈ ಕಡೆ ನೀಲಗಿರಿ ತೋಪು ಹಾಕಿದ ಮೇಲಿನ ಪದರ ಅದು. ನೇರಳೆಯದಾದರೆ ಎಷ್ಟು ಹಳೆಯದೂ ಆಗಬಹುದು. ಎರಡೂ ಒಂದೇ ಕುಟುಂಬದ ಮರಗಳು, ಪರಾಗದ ಆಕಾರವೂ ಒಂದೇ ಬಗೆ, ಗಾತ್ರದಲ್ಲಿ ನೇರಳೆಯದು ಚಿಕ್ಕದು. ಒಂಬತ್ತನೆಯ ತರಗತಿ ಎರಡು ಪಕ್ಷವಾಗಿದೆ. ಏರಿಯ ಮೇಲಿನ ನೇರಳೆ ಮರ ಈ ವಾರ ಹೂ ಬಿಟ್ಟಿದೆ. ಜೆಸಿಬಿಯವರ ಮಗ ಒಂದು ಗೊಂಚಲು ತಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ತೇದಿ ಬರೆದು ನಮ್ಮ ಮೇಜಿನ ಮೇಲಿಟ್ಟು ಹೋಗಿದ್ದಾನೆ. ಸೋಮವಾರ ಸ್ಲೈಡು ಮಾಡುತ್ತೇವೆ.